ಮನಸ್ಸಿನೊಳಗಿನ ಕಳ್ಳಸೇರು



ಮೈಗೆ ಜ್ವರ ಬಂದರೆ ನಾವು ಊರಿಗೆಲ್ಲ ಹೇಳಿಕೊಳ್ಳುತ್ತೇವೆ. ಬಂದವರೆಲ್ಲ ಒಂದೊಂದು ಔಷಧ ಹೇಳುತ್ತಾರೆ. ನೆರೆಮನೆಯವರು ಗಂಜಿ ಕಾಯಿಸಿ ತಂದುಕೊಡುತ್ತಾರೆ. ಮನಸ್ಸಿಗೆ ರೋಗ ಬಂದರೆ ಮಾತ್ರ ಬಾಗಿಲು ಹಾಕಿಕೊಳ್ಳುತ್ತೇವೆ. ನೆಂಟರು ಬಂದಾಗ ಆ ಮಗನನ್ನು ಹಿಂದಿನ ಕೋಣೆಗೆ ಕಳಿಸುತ್ತೇವೆ. ಯಾರಾದರೂ ಕೇಳಿದರೆ ‘ಊರಲ್ಲಿಲ್ಲ’ ಎನ್ನುತ್ತೇವೆ. 1992ರಿಂದ ಪ್ರತಿವರ್ಷ ಅಕ್ಟೋಬರ್ 10ನ್ನು ಲೋಕದಲ್ಲೆಲ್ಲ ಮಾನಸಿಕ ಆರೋಗ್ಯ ದಿನವೆಂದು ಆಚರಿಸುತ್ತಾರೆ. ಆ ನಿಮಿತ್ತದಿಂದ ಈ ತಿಂಗಳ ಗೋಷ್ಠಿಯಲ್ಲಿ ಆ ಮುಚ್ಚಿದ ಬಾಗಿಲನ್ನು ಸ್ವಲ್ಪ ತೆರೆದು ನೋಡಬೇಕೆಂಬುದು ನಮ್ಮ ಅಪೇಕ್ಷೆ.

ಮಠಕ್ಕೆ ಇಂಥ ರೋಗಿಗಳನ್ನು ಕರೆತರುವವರು ಬಹಳ ಮಂದಿ. “ಬುದ್ಧೀ, ಇವನಿಗೆ ಯಾರೋ ಏನೋ ಮಾಡಿಸಿದ್ದಾರೆ, ಒಂದು ಯಂತ್ರ ಕಟ್ಟಿಕೊಡಿ” ಎನ್ನುತ್ತಾರೆ. “ಮೂರು ವರ್ಷದಿಂದ ಕೆಲಸವಿಲ್ಲ, ಬೊಗಸೆಯಿಲ್ಲ, ಸ್ನಾನಕ್ಕೂ ನಾವೇ ಎಬ್ಬಿಸಬೇಕು” ಎನ್ನುತ್ತಾರೆ. ಮಾತೆಲ್ಲ ಮನೆಯವರದೇ. ರೋಗಿ ತಲೆ ತಗ್ಗಿಸಿ ನೆಲ ನೋಡುತ್ತ ಕುಳಿತಿರುತ್ತಾನೆ. ಮನೆಯವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿ, ಅವನನ್ನೇ ಹತ್ತಿರ ಕರೆದು “ನಿನಗೇನು ಕಷ್ಟವಪ್ಪಾ?” ಎಂದು ಕೇಳಿದರೆ ಬರುವ ಉತ್ತರ ಬಹುಮಟ್ಟಿಗೆ ಒಂದೇ: “ನಾನು ಯಾತಕ್ಕೂ ಬಾರದವನು ಬುದ್ಧೀ. ನನ್ನಿಂದ ಮನೆಗೆಲ್ಲ ಕೇಡು.” ಕಿವಿಯಲ್ಲಿ ಕೇಳುವ ಧ್ವನಿಗಳ ಮಾತು ಆಮೇಲೆ, ನಿದ್ದೆ ಬಾರದ ಮಾತು ಅದಕ್ಕೂ ಆಮೇಲೆ. ಮೊದಲು ಬರುವುದು ಈ ತೀರ್ಪು. ಇಂದು ನಾವು ಮಾತನಾಡಬೇಕೆಂದಿರುವುದು ಈ ಒಂದು ವಾಕ್ಯವನ್ನು ಕುರಿತು.

ಚಿಂತೆ, ಬೇಸರ, ಕೋಪ ಎಲ್ಲರಿಗೂ ಉಂಟು. ಅವು ರೋಗವಲ್ಲ. ತೀವ್ರ ಮನೋರೋಗವೆಂದು ವೈದ್ಯರು ಕರೆಯುವುದು ಬೇರೆ. ಸ್ಕಿಜೋಫ್ರೀನಿಯಾ ಎಂಬ ಚಿತ್ತವಿಕಲತೆ, ಒಮ್ಮೆ ಉನ್ಮಾದಕ್ಕೆ ಏರಿ ಒಮ್ಮೆ ಪಾತಾಳಕ್ಕೆ ಇಳಿಯುವ ರೋಗ, ಏಳಲೂ ಬಿಡದ ತೀವ್ರ ಖಿನ್ನತೆ, ಇವು ಆ ಗುಂಪಿನವು. ಸ್ಕಿಜೋಫ್ರೀನಿಯಾ ಒಂದೇ ಲೋಕದಲ್ಲಿ ಸುಮಾರು 300 ಜನಕ್ಕೆ ಒಬ್ಬರಂತೆ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2015–16ರಲ್ಲಿ ದೇಶದ 12 ರಾಜ್ಯಗಳಲ್ಲಿ ಸಮೀಕ್ಷೆ ಮಾಡಿದರು. ನೂರು ವಯಸ್ಕರಲ್ಲಿ ಸುಮಾರು ಇಬ್ಬರು ಬದುಕಿನಲ್ಲಿ ಎಂದಾದರೊಮ್ಮೆ ತೀವ್ರ ಮನೋರೋಗಕ್ಕೆ ಒಳಗಾಗುತ್ತಾರೆಂದು ಅದರಿಂದ ಗೊತ್ತಾಯಿತು. ಅಂದರೆ ಮುನ್ನೂರು ವಯಸ್ಕರಿರುವ ಒಂದು ಸಣ್ಣ ಹಳ್ಳಿಯಲ್ಲಿಯೂ ಇಂಥವರು ಐದಾರು ಮಂದಿ ಇದ್ದಾರು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆ ಇಲ್ಲದೆಯೇ ಇದ್ದರೆಂಬುದು ಅದೇ ಸಮೀಕ್ಷೆ ಹೇಳಿದ ಇನ್ನೊಂದು ಮಾತು.

ಈ ರೋಗಿಗಳ ಮನಸ್ಸಿನ ತಳದಲ್ಲಿ ಕುಳಿತಿರುವ ತೀರ್ಪನ್ನು ಮನಶ್ಶಾಸ್ತ್ರಜ್ಞರು ಮೂಲನಂಬಿಕೆ ಎಂದು ಕರೆಯುತ್ತಾರೆ. ಇದನ್ನು ಹೆಚ್ಚು ಆಳವಾಗಿ ಶೋಧಿಸಿದವರು ಅಮೆರಿಕದ ಫಿಲಡೆಲ್ಫಿಯಾ ನಗರದ ವೈದ್ಯ ಏರನ್ ಬೆಕ್. 1921ರಲ್ಲಿ ಹುಟ್ಟಿ, ನೂರು ವರ್ಷ ತುಂಬಿ, 2021ರಲ್ಲಿ ತೀರಿಕೊಂಡರು. ಸರಕಾರದ ಗೂಢಚಾರರು ತನ್ನ ಬೆನ್ನು ಹತ್ತಿದ್ದಾರೆಂದು ವರ್ಷಗಟ್ಟಲೆ ನಂಬಿದ್ದ ಒಬ್ಬ ಸ್ಕಿಜೋಫ್ರೀನಿಯಾ ರೋಗಿಯ ಜತೆ ಅವರು ಸಹನೆಯಿಂದ ಕುಳಿತು ಮಾತನಾಡಿ, ಆ ನಂಬಿಕೆಯ ಹಿಂದೆ ಒಂದು ಅಪರಾಧಭಾವ ಅಡಗಿರುವುದನ್ನು ಕಂಡರು. ಆ ವೃತ್ತಾಂತವನ್ನು 1952ರಲ್ಲಿಯೇ ಪ್ರಕಟಿಸಿದರು. ಇಂಥ ರೋಗಿಯೊಡನೆ ಮಾತನಾಡಿ ಪ್ರಯೋಜನವಿಲ್ಲವೆಂದು ಬಹುಮಂದಿ ವೈದ್ಯರೇ ತಿಳಿದಿದ್ದ ಕಾಲ ಅದು. ಮುಂದೆ 2006ರಲ್ಲಿ ಇಂಗ್ಲೆಂಡಿನ ಡೇವಿಡ್ ಫೌಲರ್ ಮತ್ತು ಸಂಗಡಿಗರು ಈ ನಂಬಿಕೆಗಳನ್ನು ಅಳೆಯಲು 24 ವಾಕ್ಯಗಳ ಒಂದು ಪಟ್ಟಿ ಮಾಡಿದರು. ಅದರಲ್ಲಿ ನಾಲ್ಕು ಭಾಗ: ತನ್ನ ಬಗ್ಗೆ ಕೆಟ್ಟದ್ದು, ತನ್ನ ಬಗ್ಗೆ ಒಳ್ಳೆಯದು, ಪರರ ಬಗ್ಗೆ ಕೆಟ್ಟದ್ದು, ಪರರ ಬಗ್ಗೆ ಒಳ್ಳೆಯದು. ತನ್ನನ್ನು ನಿಷ್ಪ್ರಯೋಜಕನೆಂದೂ ಲೋಕವನ್ನು ಕ್ರೂರವೆಂದೂ ನಂಬಿದವರಲ್ಲಿ ಸಂಶಯದ ಬಾಧೆ ಹೆಚ್ಚೆಂದು ಅವರಿಗೆ ತಿಳಿದುಬಂದಿತು.

ಈ ನಂಬಿಕೆ ಒಳಗೆ ಹೇಗೆ ಕೆಲಸ ಮಾಡುತ್ತದೆ? ಒಂದು ದೃಷ್ಟಾಂತದಿಂದ ನೋಡೋಣ.

ಹಿಂದೆ ಒಂದೂರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನ ಅಂಗಡಿಯಲ್ಲಿ ಎರಡು ಸೇರು. ರೈತರಿಂದ ಕಾಳು ಕೊಳ್ಳುವಾಗ ದೊಡ್ಡ ಸೇರು, ರೈತರಿಗೆ ಕಾಳು ಕೊಡುವಾಗ ಸಣ್ಣ ಸೇರು. ರೈತ ಹೊರೆ ಹೊತ್ತು ತಂದು ಸುರಿದರೆ ಆ ದೊಡ್ಡ ಸೇರಿನಲ್ಲಿ ಅವನ ರಾಶಿ ಬೇಗ ಮುಗಿದುಹೋಗುತ್ತಿತ್ತು. ಸಾಲದ ಕಾಳು ಒಯ್ಯುವಾಗ ಸಣ್ಣ ಸೇರಿನಲ್ಲಿ ಲೆಕ್ಕ ಏರುತ್ತಲೇ ಹೋಗುತ್ತಿತ್ತು. ವರ್ಷ ವರ್ಷ ಹೀಗಾಗಿ ರೈತ ಮನೆಗೆ ಹೋಗಿ ಹೆಂಡತಿಗೆ ಏನು ಹೇಳಿದ ಗೊತ್ತೇ? “ನಮ್ಮ ಹೊಲವೇ ಬಂಜರು ಕಣೇ, ಅದರಲ್ಲಿ ಏನೂ ಬೆಳೆಯುವುದಿಲ್ಲ” ಎಂದ. ದೋಷ ಇದ್ದದ್ದು ಸೇರಿನಲ್ಲಿ. ಬೈಗುಳ ತಿಂದದ್ದು ಹೊಲ.

ಮನೋರೋಗಿಯ ಒಳಗೂ ಇಂಥ ಎರಡು ಸೇರುಗಳಿವೆ. ತಾನು ಮಾಡಿದ ಒಳ್ಳೆಯದನ್ನು ಅವನು ದೊಡ್ಡ ಸೇರಿನಲ್ಲಿ ಅಳೆಯುತ್ತಾನೆ. ಎಷ್ಟು ಸುರಿದರೂ ಅದು ತುಂಬುವುದಿಲ್ಲ. ತನ್ನ ತಪ್ಪನ್ನು ಸಣ್ಣ ಸೇರಿನಲ್ಲಿ ಅಳೆಯುತ್ತಾನೆ. ಒಂದು ಹಿಡಿ ತಪ್ಪು ಹತ್ತು ಸೇರಾಗುತ್ತದೆ. ದನಕ್ಕೆ ನೀರು ಕುಡಿಸಿದನೆ? ‘ಅದೇನು ಮಹಾ, ಮಕ್ಕಳೂ ಮಾಡುತ್ತಾರೆ.’ ಕೈತಪ್ಪಿ ಒಂದು ತಂಬಿಗೆ ಬಿತ್ತೇ? ‘ನಾನು ಮುಟ್ಟಿದ್ದೆಲ್ಲ ಹಾಳು.’ ಅವನ ತರ್ಕದಲ್ಲಿ ಕೊರತೆಯಿಲ್ಲ, ಎಣಿಕೆಯೂ ಸರಿಯಾಗಿಯೇ ಇದೆ. ಅಳತೆಯೇ ತಪ್ಪಾದ ಮೇಲೆ ಎಣಿಕೆ ಸರಿಯಿದ್ದು ಏನು ಫಲ?

ಇದರಿಂದ ಆಗುವ ಕೇಡುಗಳಲ್ಲಿ ಎರಡನ್ನು ಮನೆಯವರು ಅವಶ್ಯವಾಗಿ ತಿಳಿಯಬೇಕು.

ಮೊದಲನೆಯದು, ಕೆಲಸಕ್ಕೆ ಏಳದಿರುವುದು. ಇದನ್ನು ನಾವು ಸೋಮಾರಿತನವೆನ್ನುತ್ತೇವೆ, ಕಳ್ಳಾಟವೆನ್ನುತ್ತೇವೆ. ಇದರಲ್ಲಿ ರೋಗದ ಪಾಲು ಉಂಟು. ಕೆಲವು ಔಷಧಗಳು ತರುವ ಮಂಪರಿನ ಪಾಲೂ ಉಂಟು. ಮೂರನೆಯ ಒಂದು ಪಾಲು ಈ ನಂಬಿಕೆಯದು. ‘ಮಾಡಿದರೂ ಕೆಡುತ್ತದೆ, ಕೆಟ್ಟರೆ ನಗುತ್ತಾರೆ, ಮತ್ತೆ ಯಾಕೆ ಮಾಡಬೇಕು?’ ಎಂದು ಅವನು ಮೊದಲೇ ಸೋತು ಕೂರುತ್ತಾನೆ. ಪಾಲ್ ಗ್ರಾಂಟ್ ಮತ್ತು ಬೆಕ್ ಅವರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಸೋಲಿನ ನಂಬಿಕೆ ಹೆಚ್ಚಿದ್ದವರಲ್ಲಿ ನಿರುತ್ಸಾಹ ಹೆಚ್ಚು, ನಿತ್ಯದ ಬದುಕು ನಡೆಸುವ ಶಕ್ತಿ ಕಡಿಮೆ ಎಂದು ಅವರು ಕಂಡರು. ಹೊರಗಿನಿಂದ ಸೋಮಾರಿಯಂತೆ ಕಾಣುವವನು ಒಳಗೆ ಹೆದರಿ ಕುಳಿತಿರಬಹುದು. ಹೆದರಿದವನಿಗೆ ಬೈದರೆ ಅವನು ಎದ್ದು ಬಂದಾನೇ?

ಎರಡನೆಯದು, ಕಿವಿಯಲ್ಲಿ ಕೇಳುವ ಧ್ವನಿ. ಯಾರೂ ಇಲ್ಲದಿದ್ದರೂ ‘ನೀನು ಹಾಳಾದವನು, ಸಾಯಿ’ ಎಂಬ ಮಾತು ಕೆಲವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಧ್ವನಿ ಎಷ್ಟು ಜೋರಾಗಿದೆ ಎಂಬುದಕ್ಕಿಂತ, ಆ ಧ್ವನಿಗೆ ಎಷ್ಟು ಶಕ್ತಿಯಿದೆಯೆಂದು ರೋಗಿ ನಂಬಿದ್ದಾನೆ ಎಂಬುದರ ಮೇಲೆ ಅವನ ಸಂಕಟ ಹೆಚ್ಚಾಗಿ ನಿಂತಿದೆ ಎಂದು ಪಾಲ್ ಚಾಡ್ವಿಕ್ ಮತ್ತು ಮ್ಯಾಕ್ಸ್ ಬರ್ಚ್‌ವುಡ್ ಎಂಬ ಇಂಗ್ಲೆಂಡಿನ ವಿದ್ವಾಂಸರು 1994ರಲ್ಲಿ ತೋರಿಸಿದರು. ತನ್ನನ್ನು ತಾನೇ ಕೀಳೆಂದು ನಂಬಿದವನಿಗೆ ಆ ಧ್ವನಿ ನ್ಯಾಯಾಧೀಶನಂತೆ ಕಾಣುತ್ತದೆ. ‘ನಿಜವನ್ನೇ ಹೇಳುತ್ತಿದೆಯಲ್ಲ’ ಎಂದು ಅವನು ಶರಣಾಗಿಬಿಡುತ್ತಾನೆ.

ಹಾಗಾದರೆ ಈ ಕಳ್ಳಸೇರನ್ನು ಅವನ ಕೈಗೆ ಕೊಟ್ಟವರು ಯಾರು? ಇಲ್ಲಿ ಒಂದು ಮಾತನ್ನು ಮೊದಲೇ ಸ್ಪಷ್ಟಮಾಡುತ್ತೇವೆ. ಈ ರೋಗಗಳಿಗೆ ಮಿದುಳಿನ ವ್ಯತ್ಯಾಸ, ವಂಶವಾಹಿ, ಬದುಕಿನ ಪೆಟ್ಟು ಹೀಗೆ ಹಲವು ಕಾರಣಗಳು ಕೂಡಿರುತ್ತವೆ. ತಾಯಿಯ ಸ್ವಭಾವವೇ ಸ್ಕಿಜೋಫ್ರೀನಿಯಾಕ್ಕೆ ಕಾರಣವೆಂದು ಕಳೆದ ಶತಮಾನದ ಮಧ್ಯದಲ್ಲಿ ಕೆಲವು ಪಾಶ್ಚಾತ್ಯ ವೈದ್ಯರು ಹೇಳಿದ್ದುಂಟು. ವೈದ್ಯಶಾಸ್ತ್ರ ಅದನ್ನು ಎಂದೋ ಕೈಬಿಟ್ಟಿದೆ. ಆದ್ದರಿಂದ ಇಲ್ಲಿ ಕುಳಿತಿರುವ ಯಾವ ತಾಯಿಯೂ ‘ನನ್ನಿಂದಲೇ ಮಗನಿಗೆ ಹೀಗಾಯಿತು’ ಎಂದು ಎದೆ ಬಡಿದುಕೊಳ್ಳಬೇಕಾಗಿಲ್ಲ. ಆದರೆ ರೋಗ ಬಂದ ಮೇಲೆ ಅವನ ಕಿವಿಗೆ ಯಾವ ಮಾತು ಬೀಳುತ್ತದೆ ಎಂಬುದು ನಮ್ಮ ಕೈಯಲ್ಲಿದೆ.

ಆ ಮಾತುಗಳು ಯಾವುವು? ಬೀದಿಯಲ್ಲಿ ‘ಹುಚ್ಚ’. ಮನೆಯಲ್ಲಿ ‘ದಂಡಪಿಂಡ, ಭೂಮಿಗೆ ಭಾರ’. ನೆಂಟರ ಬಾಯಲ್ಲಿ ‘ಪೂರ್ವಜನ್ಮದ ಪಾಪ’. ಒಂದು ದಿನ ಕೇಳಿದರೆ ಮರೆಯಬಹುದು. ಬಾವಿಯ ಕಟ್ಟೆಯ ಕಲ್ಲಿನ ಮೇಲೆ ಹಗ್ಗದ ಗುರುತು ನೋಡಿದ್ದೀರಲ್ಲ? ಹಗ್ಗ ಮೆತ್ತಗಿನದು, ಕಲ್ಲು ಗಟ್ಟಿ. ಆದರೂ ದಿನ ದಿನ ಉಜ್ಜಿದ್ದಕ್ಕೆ ಕಲ್ಲೇ ಸವೆದಿದೆ. ಮನುಷ್ಯನ ಮನಸ್ಸು ಕಲ್ಲಿಗಿಂತ ಗಟ್ಟಿಯೇ?

ಮನೆಯ ಮಾತಿನ ಬಲವನ್ನು ವೈದ್ಯರು ಪರೀಕ್ಷಿಸಿ ನೋಡಿದ್ದಾರೆ. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಆಸ್ಪತ್ರೆಯಿಂದ ಮನೆಗೆ ಮರಳಿದ ಸ್ಕಿಜೋಫ್ರೀನಿಯಾ ರೋಗಿಗಳನ್ನು ಗಮನಿಸಿ 1972ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ಸದಾ ಟೀಕೆ, ಹಗೆತನ, ಇಲ್ಲವೆ ಅತಿಯಾದ ಆತಂಕದ ಹಿಡಿತ ಇರುವ ಮನೆಗಳಿಗೆ ಹೋದವರಲ್ಲಿ ರೋಗ ಮರುಕಳಿಸುವುದು ಹೆಚ್ಚು ಎಂದು ಕಂಡುಬಂತು. ಚಂಡೀಗಢದಲ್ಲಿ ಡಾ. ವಿಗ್ ಮೊದಲಾದವರು ಇದನ್ನೇ ನೋಡಿ 1987ರಲ್ಲಿ ವರದಿ ಮಾಡಿದಾಗ, ಲಂಡನ್ನಿನ ಮನೆಗಳಿಗಿಂತ ನಮ್ಮ ಮನೆಗಳಲ್ಲಿ ಇಂಥ ಟೀಕೆ ಕಡಿಮೆಯೆಂದು ತಿಳಿಯಿತು. ಕೇಳಲು ಸಂತೋಷದ ಮಾತು. ಆದರೆ ಆ ಹಿರಿಮೆಯನ್ನು ಇಂದಿಗೂ ಉಳಿಸಿಕೊಂಡಿದ್ದೇವೆಯೇ ಎಂದು ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯ ಅಂಗಳದಲ್ಲಿ ನಿಂತು ಕೇಳಿಕೊಳ್ಳಬೇಕು.

ಆ ಮೂರರಲ್ಲಿ ಅತಿಯಾದ ಆತಂಕವೂ ಸೇರಿದೆಯೆಂಬುದನ್ನು ತಾಯಂದಿರು ಗಮನಿಸಬೇಕು. ಮೂವತ್ತು ವರ್ಷದ ಮಗನಿಗೆ ತುತ್ತು ಮಾಡಿ ಉಣಿಸುವುದು, ‘ನೀನು ಮಾಡಬೇಡಪ್ಪಾ, ನಿನ್ನಿಂದಾಗದು’ ಎಂದು ಕೈಯಲ್ಲಿದ್ದ ಕೊಡ ಕಸಿದುಕೊಳ್ಳುವುದು, ಇದು ಪ್ರೀತಿಯೇ ಹೌದು. ಆದರೆ ಮಗನ ಕಿವಿಗೆ ಬೀಳುವುದು ‘ನಿನ್ನಿಂದಾಗದು’ ಎಂಬ ಭಾಗ ಮಾತ್ರ.

ಇನ್ನು ಪೂರ್ವಜನ್ಮದ ಪಾಪದ ಮಾತು. ಸಕ್ಕರೆ ಕಾಯಿಲೆ ಬಂದವನನ್ನು ಯಾರೂ ಪಾಪಿ ಎನ್ನುವುದಿಲ್ಲ. ಮನಸ್ಸಿನ ಕಾಯಿಲೆ ಬಂದವನಿಗೆ ಮಾತ್ರ ಈ ಬಿರುದು ಏಕೆ? ಮೊದಲೇ ‘ನನ್ನಿಂದ ಕೇಡು’ ಎಂದು ಬೆಂದವನಿಗೆ ದೇವರ ಹೆಸರಿನಲ್ಲಿ ಮತ್ತೊಂದು ಬರೆ ಹಾಕುವುದು ಧರ್ಮವಲ್ಲ. ಮಠದ ಪೀಠದಲ್ಲಿ ಕುಳಿತೇ ಈ ಮಾತನ್ನು ಹೇಳುತ್ತಿದ್ದೇವೆ. ನಮ್ಮ ಹತ್ತಿರ ಬನ್ನಿ, ಪ್ರಸಾದ ಸ್ವೀಕರಿಸಿ, ಆಶೀರ್ವಾದ ಪಡೆಯಿರಿ. ಆಮೇಲೆ ಇಲ್ಲಿಂದ ನೇರವಾಗಿ ಆಸ್ಪತ್ರೆಗೆ ಹೋಗಿ. ನಾವು ಕಟ್ಟುವ ಯಂತ್ರ ಮಾತ್ರೆಯ ಕೆಲಸ ಮಾಡುವುದಿಲ್ಲ.

ಹಾಗಾದರೆ ಪರಿಹಾರವೇನು? ಕಳ್ಳಸೇರಿನ ಜತೆ ವಾದ ಮಾಡಿ ಗೆದ್ದವರಿಲ್ಲ. ‘ನೀನು ಹಾಗಲ್ಲಪ್ಪಾ, ನೀನು ಬಹಳ ಒಳ್ಳೆಯವನು, ನೀನೇ ಶೂರ’ ಎಂದು ಹೊಗಳಿದರೆ ಆ ಹೊಗಳಿಕೆಯೂ ದೊಡ್ಡ ಸೇರಿನ ತಳದಲ್ಲಿ ಮಾಯವಾಗುತ್ತದೆ. ಅದರ ಪಕ್ಕದಲ್ಲಿ ಒಂದು ನಿಜವಾದ ಸೇರನ್ನು ಇಟ್ಟು, ಅದೇ ಕಾಳನ್ನು ಅವನ ಕೈಯಿಂದಲೇ ಅಳೆಯಿಸಬೇಕು. ಆಗ ಅವನಿಗೇ ಕಾಣುತ್ತದೆ.

ಇದು ಬರಿಯ ಮಾತಲ್ಲ. ಬೆಕ್ ಅವರ ಸಂಗಡಿಗರು ಬಹುಕಾಲದಿಂದ ಸ್ಕಿಜೋಫ್ರೀನಿಯಾದಿಂದ ಕುಗ್ಗಿಹೋಗಿದ್ದ 60 ಜನರನ್ನು ತೆಗೆದುಕೊಂಡರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿಗೆ ಅದರ ಜತೆಗೆ ಈ ಬಗೆಯ ಮಾತಿನ ಚಿಕಿತ್ಸೆ. 18 ತಿಂಗಳಾದ ಮೇಲೆ ನೋಡಿದಾಗ ಎರಡನೆಯ ಗುಂಪಿನವರ ನಿತ್ಯಜೀವನ ಹೆಚ್ಚು ಸುಧಾರಿಸಿತ್ತು, ನಿರುತ್ಸಾಹ ಕಡಿಮೆಯಾಗಿತ್ತು. ಈ ಫಲಿತಾಂಶ 2012ರಲ್ಲಿ ಅಚ್ಚಾಯಿತು. ಅವರು ಚಿಕಿತ್ಸೆಯನ್ನು ರೋಗದ ಮಾತಿನಿಂದ ಆರಂಭಿಸುವುದಿಲ್ಲ. ಈ ಮನುಷ್ಯನಿಗೆ ಏನು ಪ್ರಿಯ, ಅವನ ಆಸೆಯೇನು ಎಂದು ಮೊದಲು ಹುಡುಕುತ್ತಾರೆ. ನಮ್ಮ ಮನೆಗಳಲ್ಲಿಯೂ ಇದನ್ನು ಮಾಡಬಹುದು. ಹಿಂದೆ ಭಜನೆಯಲ್ಲಿ ತಾಳ ಹಾಕುತ್ತಿದ್ದನೇ? ಎತ್ತುಗಳೆಂದರೆ ಪ್ರಾಣವಿತ್ತೇ? ಹೂಗಿಡ ನೆಡುತ್ತಿದ್ದಳೇ? ಅಲ್ಲಿಂದ ಹಿಡಿಯಿರಿ.

ಕೆಲಸ ಚಿಕ್ಕದಿರಲಿ. ಒಂದು ಬುಟ್ಟಿ ಕಡಲೆಕಾಯಿ ಬಿಡಿಸುವ ಕೆಲಸ ಕೊಟ್ಟಿರೆಂದು ತಿಳಿಯಿರಿ. ಕೊಡುವ ಮುಂಚೆ “ಇದು ಆಗುತ್ತದೆಂದು ಅನ್ನಿಸುತ್ತದೆಯೇ?” ಎಂದು ಕೇಳಿ. “ಆಗದು” ಎಂದಾನು. “ಆಗಲಿ, ಆದಷ್ಟು ನೋಡೋಣ” ಎಂದು ನೀವೂ ಪಕ್ಕದಲ್ಲಿ ಕುಳಿತು ಬಿಡಿಸಿ. ಮುಗಿದ ಮೇಲೆ ‘ನೋಡಿದೆಯಾ, ನಾನು ಹೇಳಿರಲಿಲ್ಲವೇ?’ ಎಂದು ಗೆದ್ದವರಂತೆ ಮಾತನಾಡಬೇಡಿ. “ಬೆಳಿಗ್ಗೆ ಆಗದು ಎಂದಿದ್ದೆ. ಈ ಬುಟ್ಟಿ ಬಿಡಿಸಿದವರು ಯಾರು?” ಎಂದಷ್ಟೇ ಕೇಳಿ ಸುಮ್ಮನಿರಿ. ಉತ್ತರ ಅವನ ಬಾಯಿಂದ ಬರಲಿ. ನಾವು ಹೇಳಿದ ನೂರು ಮಾತಿಗಿಂತ ಅವನೇ ಹೇಳಿಕೊಂಡ “ನಾನೇ” ಎಂಬ ಒಂದು ಮಾತು ದೊಡ್ಡದು. ಅರ್ಧಕ್ಕೆ ಬಿಟ್ಟು ಎದ್ದರೆ ಆ ಅರ್ಧವೂ ಲೆಕ್ಕಕ್ಕೆ ಸೇರಲಿ. ನಾಳೆ ಮತ್ತೆ ಇಡೋಣ.

ಬಸವಾದಿ ಶರಣರು ಕಾಯಕಕ್ಕೆ ಅಷ್ಟು ಮಹತ್ವ ಕೊಟ್ಟದ್ದು ಏಕೆಂದು ಇಲ್ಲಿ ಹೊಸದಾಗಿ ಹೊಳೆಯುತ್ತದೆ. ಮಡಿವಾಳ ಮಾಚಯ್ಯನವರು ಬಟ್ಟೆ ಒಗೆದರು, ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು, ಆಯ್ದಕ್ಕಿ ಮಾರಯ್ಯನವರು ಚೆಲ್ಲಿದ ಅಕ್ಕಿ ಆಯ್ದರು. ಯಾರ ಕಾಯಕವನ್ನೂ ಆ ಸಮೂಹ ಸಣ್ಣದೆನ್ನಲಿಲ್ಲ. ದುಡಿಮೆಯಿಂದ ಅನ್ನ ಹುಟ್ಟುವುದು ಒಂದು ಫಲ. ‘ನಾನೂ ಬೇಕಾದವನು’ ಎಂಬ ಅರಿವು ಹುಟ್ಟುವುದು ಅದಕ್ಕಿಂತ ಹಿರಿದಾದ ಫಲ. ಕಡಲೆಕಾಯಿ ಬಿಡಿಸುವ ಆ ಮಗನಿಗೆ ಬೇಕಾದದ್ದು ಈ ಎರಡನೆಯದು.

ಮನೆಯವರು ಜತೆಗಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ಮೇಲ್ಪಂಕ್ತಿಯಿದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಗಳ ಬಂಧುಗಳನ್ನು ಜತೆಗೇ ಇರಿಸಿದರು. ಬಂಧುಗಳು ರೋಗವನ್ನು ಅರಿತರು, ಭಯ ಬಿಟ್ಟರು, ಗುಣವಾದವರನ್ನು ಮನೆಗೆ ಕರೆದೊಯ್ದರು. ನಮ್ಮ ನಾಡಿನಲ್ಲಿ ನಿಮ್ಹಾನ್ಸ್‌ನವರು 1985ರಿಂದ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೇ ಮನೋರೋಗಕ್ಕೆ ಔಷಧ ಸಿಗುವಂತೆ ಮಾಡಿ ತೋರಿಸಿದರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯ ಕೆಲಸವೇ ಮಾದರಿ. ದೂರ ಹೋಗಬೇಕೆಂಬ ನೆಪ ಹೇಳುವ ಕಾಲ ಕಳೆಯಿತು. ಒಂದು ಎಚ್ಚರಿಕೆ: ಸ್ವಲ್ಪ ಗುಣ ಕಂಡೊಡನೆ ‘ಇನ್ನು ಮಾತ್ರೆ ಸಾಕು’ ಎಂದು ನೀವೇ ನಿಲ್ಲಿಸಬೇಡಿ. ಅದನ್ನು ಹೇಳಬೇಕಾದವರು ವೈದ್ಯರು. ಮಾತ್ರೆಯಿಂದ ಮಂಪರು ಹೆಚ್ಚಾದರೆ ಅದನ್ನೂ ಅವರಿಗೇ ಹೇಳಿ. ಒಳ್ಳೆಯ ಮಾತು ಔಷಧಕ್ಕೆ ಜೊತೆಗಾರ. ಅದರ ಬದಲಿಗೆ ನಿಲ್ಲುವಂಥದ್ದಲ್ಲ.

‘ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು’ ಎಂಬ ಗಾದೆಯೊಂದಿದೆ. ಕೇಳಿ ನಗುತ್ತೇವೆ. ಆದರೆ ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆಂದು ರೋಗವನ್ನು ಮುಚ್ಚಿಟ್ಟು ಲಗ್ನ ಮಾಡಿ, ಎರಡು ಮನೆಗಳನ್ನು ಅಳಿಸಿದವರು ನಮ್ಮ ನಡುವೆ ಇದ್ದಾರೆ. ಮದುವೆ ಮದ್ದಲ್ಲ. ಚಿಕಿತ್ಸೆಯಿಂದ ಸುಧಾರಿಸಿದವರು, ಇದ್ದದ್ದನ್ನು ಇದ್ದಂತೆ ಹೇಳಿ, ಒಪ್ಪಿಗೆಯಿಂದ ಸಂಸಾರ ಹೂಡಿದರೆ ನಾವು ನಿಂತು ಆಶೀರ್ವದಿಸುತ್ತೇವೆ.

ಇನ್ನು ಸರಪಳಿ ಕಟ್ಟುವ ಸಂಗತಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ, ಗುಣವಾಗಲೆಂದು ಬಿಟ್ಟುಹೋಗಿದ್ದ ಮನೋರೋಗಿಗಳ ಗುಡಿಸಿಲಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದವರು ಓಡಲಾರದೆ 28 ಜನ ಬೆಂದುಹೋದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಯಾವುದೇ ರೀತಿಯಲ್ಲಿ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಕಾಯಿದೆಗಿಂತ ಮೊದಲು ನಮ್ಮ ಕರುಳು ಅದನ್ನು ನಿಷೇಧಿಸಬೇಕು. ಕಾಲಿನ ಸರಪಳಿ ‘ನೀನು ಮನುಷ್ಯನಲ್ಲ’ ಎಂದು ಹಗಲಿರುಳು ಹೇಳುತ್ತಿರುತ್ತದೆ.

ಕೊನೆಯದಾಗಿ ಒಂದು ಗಂಭೀರ ವಿಷಯ. ‘ನಾನು ಭಾರ’ ಎಂದು ನಂಬಿದವನು ಒಂದು ದಿನ ಆ ಭಾರವನ್ನು ಇಳಿಸಿಬಿಡಲು ಯೋಚಿಸುತ್ತಾನೆ. ‘ಸಾಯುತ್ತೇನೆ’ ಎಂದರೆ ಬೆದರಿಕೆಯೆಂದು ತಳ್ಳಿಹಾಕಬೇಡಿ. ‘ಸಾಯುವ ಯೋಚನೆ ಬರುತ್ತಿದೆಯೇ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಬ್ಬರನ್ನೇ ಬಿಡಬೇಡಿ. ಬೆಳೆಗೆ ಹೊಡೆಯುವ ಔಷಧವನ್ನು ಅವರ ಕೈಗೆ ಸಿಗದಂತೆ ಬೀಗದಲ್ಲಿಡಿ. 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಫೋನ್ ಮಾಡಿದರೆ ಹಗಲು ರಾತ್ರಿ ಉಚಿತವಾಗಿ ಸಲಹೆ ಸಿಗುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. 2022ರ ಅಕ್ಟೋಬರ್ 10ರಿಂದ ಈ ಸೇವೆ ನಡೆದಿದೆ. ದಾಸೋಹದ ಮನೆಯ ಗೋಡೆಯ ಮೇಲೆ ಈ ಸಂಖ್ಯೆಯನ್ನು ದೊಡ್ಡದಾಗಿ ಬರೆಸಲು ಹೇಳಿದ್ದೇವೆ. ನಿಮ್ಮ ನಿಮ್ಮ ಮನೆಯಲ್ಲಿಯೂ ಬರೆದಿಡಿ.

ಬಂಧುಗಳೇ, ಇಂದು ಮನೆಗೆ ಹೋದ ಮೇಲೆ ನೀವು ಮಾಡಬೇಕಾದದ್ದು ಬಹಳವಿಲ್ಲ. ಹಿಂದಿನ ಕೋಣೆಯಲ್ಲಿ ಮಲಗಿರುವ ಮಗನನ್ನೋ ತಂಗಿಯನ್ನೋ ಹೆಸರು ಹಿಡಿದು ಕರೆಯಿರಿ. ಎಲ್ಲರ ಸಾಲಿನಲ್ಲಿ ಅವರಿಗೂ ಒಂದು ಎಲೆ ಹಾಕಿ. ಊಟವಾದ ಮೇಲೆ ‘ಈ ತಂಬಿಗೆ ಒಳಗಿಡುತ್ತೀಯಾ?’ ಎಂದು ಕೇಳಿ. ಇಟ್ಟರೆ ಇಡಲಿ, ಇಡದಿದ್ದರೆ ನಾಳೆ ಕೇಳಿ. ವರ್ಷಗಟ್ಟಲೆ ಸವೆದ ಕಲ್ಲು ಒಂದು ದಿನಕ್ಕೆ ತುಂಬುವುದಿಲ್ಲ. ಬೇಸರಪಡದೆ ಕೇಳುತ್ತಿರುವ ಶಕ್ತಿ ನಿಮಗೆಲ್ಲ ದೊರೆಯಲಿ. ಆ ಕೋಣೆಗಳಲ್ಲಿರುವ ನಮ್ಮ ಮಕ್ಕಳು ಅಂಗಳಕ್ಕೆ ಬರಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.